ಬಾಯಿಯ ಪೇಟೆ

ಡೊಂಬಿವಲಿಯ ಹವೆಯ ಬಗ್ಗೆ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಎಲ್ಲರೂ ಗೊಣಗುತ್ತಿದ್ದರು. ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ ಮಾತ್ರ ಅದರ ಜೊತೆಗೆ ಇನ್ನೊಂದು ಊರಿನ ಹವೆಯನ್ನೂ ಹೇಳುತ್ತಿದ್ದರು. ಜೂನ್ ತಿಂಗಳ ಬೆಳಿಗ್ಗೆ ಸೀರೆಯ ನೆರಿಗೆ ಒದ್ದೆ ಮಾಡಿಕೊಂಡು ಬಂದು, ಕೊಡೆಯನ್ನು ಫೈಲಿನ ಕಪಾಟಿನ ಹಿಂದೆ ಒಣಗಲು ಬಿಟ್ಟು, ಕುರ್ಚಿಯಲ್ಲಿ ಕೂತು, "ಅಲ್ಲೆ ಈಗ ಹುಲ್ಲು ಕೊಯ್ಲಿಕ್ಕೆ ಹತ್ತಿರ್ತಾರ" ಎನ್ನುತ್ತಿದ್ದರು. ಯಾರಿಗೆಂದು ಹೇಳಿದ್ದಲ್ಲ. ಮನೆಯಲ್ಲಿ ಹಾಲು ಉಕ್ಕಲಿಟ್ಟು ಬಂದವರು ಅದರ ನೆನಪಾಗಿ ಹೇಳುತ್ತಾರಲ್ಲ, ಹಾಗೆ.

'ಅಲ್ಲೆ' ಎಂದರೆ ಆಲ್ಪ್ಸ್ ಪರ್ವತಗಳ ನಡುವೆ ಇರುವ, ಜರ್ಮನ್ ಮಾತಾಡುವ ಒಂದು ಸಣ್ಣ ಪೇಟೆ. ಬಾಯಿ ಅದನ್ನು ಒಮ್ಮೆಯೂ ನೋಡಿದವರಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಹೆಸರನ್ನಾಗಲಿ ಆ ಪೇಟೆಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಎರಡೂ ಅವರಿಗೆ ಖಾಸಗಿಯಾಗಿದ್ದವು.

ನಮ್ಮದು ಎಂಐಡಿಸಿ ಎಂಬ ಕೈಗಾರಿಕಾ ಬಡಾವಣೆಯಲ್ಲಿದ್ದ ಮಧ್ಯಮ ಗಾತ್ರದ ಕಾರ್ಖಾನೆ. ಕಾಗದ ಕತ್ತರಿಸುವ ಯಂತ್ರಗಳ ಉದ್ದುದ್ದ ಬ್ಲೇಡುಗಳನ್ನು ಮಾಡುತ್ತಿದ್ದರು. ಅದರ ವಿದ್ಯೆ ಬಂದದ್ದು ಆ ಪೇಟೆಯ ಒಂದು ಕಂಪನಿಯಿಂದ. ನಕ್ಷೆ, ಉಕ್ಕನ್ನು ಹದ ಮಾಡುವ ಕ್ರಮ, ಪತ್ರ, ಎಲ್ಲವೂ ಜರ್ಮನ್ ಭಾಷೆಯಲ್ಲಿ ಬರುತ್ತಿದ್ದವು. ಅವನ್ನು ಇಂಗ್ಲಿಷಿಗೆ ತರುವುದು, ನಮ್ಮ ಉತ್ತರವನ್ನು ಜರ್ಮನ್‌ನಲ್ಲಿ ಬರೆಯುವುದು ಬಾಯಿಯ ಕೆಲಸ. ಎರಡು ಸಾವಿರದ ಇಸವಿಯ ಸುಮಾರಿಗೆ ನಾನು ಖರೀದಿ ವಿಭಾಗಕ್ಕೆ ಸೇರಿದಾಗ ಅವರು ಅಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ನಾನು ಉಡುಪಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಅವರು ಧಾರವಾಡದ ಹತ್ತಿರದ ಒಂದು ಊರಿನವರು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು, ಶಿಕ್ಷಕಿಯರನ್ನೂ ಹಾಗೇ ಕರೆಯುತ್ತಾರೆ. ಅವರು ಯಾರಿಗೂ ಪಾಠ ಹೇಳಿದವರಲ್ಲದಿದ್ದರೂ ನೋಡಿದರೆ ಹಾಗೆ ಕಾಣುತ್ತಿದ್ದರಿಂದ ಗೇಟಿನ ವಾಚ್‌ಮನ್‌ನಿಂದ ಮಾಲೀಕರವರೆಗೆ ಎಲ್ಲರಿಗೂ ಬಾಯಿಯೇ ಆಗಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ತಂಗಿ ಅಂದರು.

ಪುಣೆಯ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಓದಿದಾಗ ಅವರು ಜರ್ಮನ್ ಕಲಿತರಂತೆ. ಡೊಂಬಿವಲಿಯ ರೇಲ್ವೆ ಗುಮಾಸ್ತರೊಬ್ಬರ ಜೊತೆ ಮದುವೆಯಾಯಿತು. ಅವರಿಗೆ ಮೂವತ್ತೆರಡಾದಾಗ ಗಂಡ ತೀರಿಹೋದರು. ಮಕ್ಕಳಿರಲಿಲ್ಲ. ಅತ್ತೆ ಇದ್ದರು. ಇಷ್ಟನ್ನು ಅವರು ನನಗೆ ಒಂದು ಮಧ್ಯಾಹ್ನ, ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಿದರು. ಆ ಪೇಟೆಯ ಕತೆಯನ್ನು ಮಾತ್ರ ಏಳು ವರ್ಷ ಹೇಳಿದರು.

ಅದು ಶುರುವಾದದ್ದು ಒಂದು ತಕರಾರಿನಿಂದ. ಯಾವುದೋ ಚಳಿಗಾಲದಲ್ಲಿ ಅಲ್ಲಿಂದ ಬರಬೇಕಾದ ಮಾದರಿ ಬ್ಲೇಡುಗಳು ಬರಲಿಲ್ಲ. ಕಣಿವೆದಾರಿ ಮುಚ್ಚಿದೆ ಎಂದು ಅಲ್ಲಿಂದ ಪತ್ರ ಬಂತು. ನಮ್ಮ ಮ್ಯಾನೇಜರ್ ಸಿಟ್ಟಾಗಿ, ಯಾವ ದಾರಿ, ಯಾಕೆ ಮುಚ್ಚಿದೆ ಕೇಳಿ ಎಂದರು. ಬಾಯಿ ಕೇಳಿದರು. ಅಲ್ಲಿಯ ರವಾನೆ ವಿಭಾಗದ ಹೆಂಗಸು ಟೈಪ್ ಮಾಡಿದ ಕ್ಷಮಾಪಣೆಯ ಕೆಳಗೆ, ಶಾಯಿಯಲ್ಲಿ ಎರಡು ಬೆಟ್ಟ, ನಡುವೆ ಒಂದು ರಸ್ತೆ, ರಸ್ತೆಯ ಮೇಲೆ ಹಿಮದ ಗುಡ್ಡೆ ಬರೆದು ಕಳಿಸಿದಳು. ಮುಂದಿನ ಮಳೆಗಾಲದಲ್ಲಿ ನಮ್ಮ ಕಡೆಯಿಂದ ತಡವಾದಾಗ ಬಾಯಿ ತಮ್ಮ ಪತ್ರದ ಕೆಳಗೆ ನೀರಿನಲ್ಲಿ ನಿಂತ ಲೋಕಲ್ ರೈಲಿನ ಚಿತ್ರ ಬರೆದರು. ಅಲ್ಲಿಂದ ಮೇಲೆ ಪ್ರತಿ ವ್ಯವಹಾರದ ಪತ್ರಕ್ಕೂ ಶಾಯಿಯ ಒಂದು ಬಾಲ ಬೆಳೆಯಿತು. ಕೊನೆಕೊನೆಗೆ ಆ ಬಾಲ ಬೇರೆ ಲಕೋಟೆಯಲ್ಲಿ ಬಾಯಿಯ ಮನೆಗೇ ಬರತೊಡಗಿತು.

ಬಾಯಿ ಅವಳನ್ನು ಫ್ರಾವ್ ಎನ್ನುತ್ತಿದ್ದರು. ಫ್ರಾವ್ ಅಂದರೆ ಅವರ ಭಾಷೆಯಲ್ಲಿ ಬಾಯಿ ಅಂತಲೇ ಅರ್ಥವಂತೆ. ಅದು ಗೊತ್ತಿಲ್ಲದ ಅವಳು ಲಕೋಟೆಯ ಮೇಲೆ 'ಫ್ರಾವ್ ಬಾಯಿ' ಎಂದು ಬರೆಯುತ್ತಿದ್ದಳು. "ಬಾಯಿ ಬಾಯಿ ಅಂತ ಎರಡು ಸಲ ಕರೀತಾಳ ನೋಡು, ಅಷ್ಟ ದೂರದಿಂದ ಕೇಳಸಬೇಕಲ್ಲ" ಎಂದು ಬಾಯಿ ನಗುತ್ತಿದ್ದರು.

ಫ್ರಾವ್‌ನ ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಕುಡುಗೋಲು ಮಾಡುವ ಕಮ್ಮಾರರು. ನಿಂತುಕೊಂಡೇ ಹುಲ್ಲು ಕೊಯ್ಯುವ ಆಳೆತ್ತರದ ಕುಡುಗೋಲುಗಳು. ಊರಿನ ಹಳೆಯ ಸಂಗತಿಗಳನ್ನು ಕೂಡಿಡುವುದು ಅವಳ ಹವ್ಯಾಸ. ಕೇಳುವವರು ಅಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಎಲ್ಲವೂ ಡೊಂಬಿವಲಿಗೆ ಬಂತು.

ನಾನು ಮೊದಮೊದಲು ಅದನ್ನು ಹಳ್ಳಿ ಎಂದೆ. ಬಾಯಿ ಪೆನ್ನು ಕೆಳಗಿಟ್ಟರು. "ಹಳ್ಳಿ ಅಲ್ಲ. ಶಹರಾನೂ ಅಲ್ಲ. ಪ್ಯಾಟಿ. ಐದಾರು ನೂರು ವರ್ಷದ ಹಿಂದ ಅಲ್ಲಿಯ ದೊರಿ ಅವರಿಗೆ ಗುರುವಾರ ಸಂತಿ ಹಚ್ಚೋ ಹಕ್ಕು ಕೊಟ್ಟ. ಕ್ವಾಟಿ ಕಟ್ಟೋ ಹಕ್ಕು ಕೊಡಲಿಲ್ಲ. ಕ್ವಾಟಿ ಇದ್ದಿದ್ರ ಶಹರ ಆಗ್ತಿತ್ತು." ಅವರ ಸ್ವಂತ ಊರಿನಲ್ಲೂ ಮಂಗಳವಾರದ ಸಂತೆ ಇತ್ತಂತೆ. ಯಾವ ದೊರೆ ಅದಕ್ಕೆ ಅಪ್ಪಣೆ ಕೊಟ್ಟನೋ ತಮಗೆ ಯಾರೂ ಹೇಳಲಿಲ್ಲ ಎಂದು ಅವರಿಗೊಂದು ಸಣ್ಣ ಕೊರಗು.

ಹೀಗೆ ನನಗೆ ಆ ಪೇಟೆ ತುಂಡುತುಂಡಾಗಿ ಸಿಕ್ಕಿತು. ಪೂರ್ವಕ್ಕೂ ಪಶ್ಚಿಮಕ್ಕೂ ಚಾಚಿದ ಇಕ್ಕಟ್ಟಾದ ಕಣಿವೆ, ನಡುವೆ ನದಿ, ಎರಡೂ ಕಡೆಯ ಬೆಟ್ಟಗಳಿಂದ ಇಳಿದು ಸೇರುವ ಎರಡು ಹಳ್ಳ. ಆ ಹಳ್ಳಗಳ ನೀರಿನಿಂದಲೇ ಕಮ್ಮಾರರ ದೊಡ್ಡ ಸುತ್ತಿಗೆಗಳು ಏಳುತ್ತ ಬೀಳುತ್ತ ಇದ್ದವು. ಒಂದು ಕಡೆಯಿಂದ ಉಪ್ಪಿನ ಗಾಡಿ, ಇನ್ನೊಂದು ಕಡೆಯಿಂದ ಕಬ್ಬಿಣದ ಗಾಡಿ. ಹಾದುಹೋಗುವ ಪ್ರತಿಯೊಬ್ಬ ವ್ಯಾಪಾರಿಯೂ ಒಂದು ದಿನ ಅಲ್ಲಿ ನಿಂತು ಸರಕು ಬಿಚ್ಚಿ ತೋರಿಸಲೇಬೇಕೆಂಬ ನಿಯಮ. ಅದಕ್ಕಾಗಿಯೇ ಪೇಟೆಯ ಬೀದಿ ನಡುವೆ ಅಗಲ, ಎರಡು ತುದಿಗಳಲ್ಲಿ ಸಣ್ಣ. ರಾಜನ ಮತವನ್ನು ಒಪ್ಪದೆ ತಮ್ಮದೇ ಧರ್ಮಗ್ರಂಥ ಓದುತ್ತಿದ್ದ ಕುಟುಂಬಗಳನ್ನು ಒಂದು ಚಳಿಗಾಲದಲ್ಲಿ ಊರು ಬಿಡಿಸಿದರು. ಅವರು ಮಕ್ಕಳನ್ನು ಹೊತ್ತುಕೊಂಡು ನಡೆದು ಹೋದರು. ಮನೆಗಳಿಗೆ ಬೇರೆಯವರು ಬಂದರು, ಆದರೆ ಹೋದವರ ಹೆಸರು ಇವತ್ತಿಗೂ ಮನೆಗಳಿಗೆ ಉಳಿದಿದೆ. ಆ ಭಾಗವನ್ನು ಹೇಳುವಾಗ ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಬೆಂಕಿ. ಸಂತೆಯ ಮುನ್ನಾದಿನ ಪೇಟೆ ಪೂರ್ತಿ ಸುಟ್ಟಿತು, ಮೇಲಿನ ತುದಿಯ ಮೂರು ಮನೆ ಬಿಟ್ಟು. "ಆದ್ರೂ ಗುರುವಾರ ಸಂತಿ ತಪ್ಪಿಸಲಿಲ್ಲ ಅವರು. ಬೂದಿ ಮ್ಯಾಲೆ ಹಚ್ಚಿದ್ರು."

ಈ ಒಂದು ಮಾತನ್ನು ಅವರು ನಮ್ಮ ಎಲ್ಲ ಕಷ್ಟಗಳಿಗೂ ಉಪಯೋಗಿಸುತ್ತಿದ್ದರು. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ಆಫೀಸಿಗೆ ಸೊಂಟದ ಮಟ್ಟ ನೀರು ನುಗ್ಗಿದಾಗ, ಎಲ್ಲರೂ ಮನೆಗೆ ಹೇಗೆ ಹೋಗುವುದೆಂದು ಒದ್ದಾಡುತ್ತಿದ್ದರೆ ಬಾಯಿ ಜರ್ಮನ್ ಪತ್ರಗಳ ಫೈಲುಗಳನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಕಪಾಟಿನ ನೆತ್ತಿಯ ಮೇಲಿಡುತ್ತಿದ್ದರು. ಮೂರು ದಿನದ ಮೇಲೆ ಕೆಸರು ತೊಳೆಯುವಾಗಲೂ ಅದೇ ಮಾತು. ನಮ್ಮ ಅಕೌಂಟೆಂಟ್, "ಬಾಯಿ, ಆ ಊರಿನವರಿಗೆ ಬೇರೆ ಉದ್ಯೋಗ ಇರಲಿಲ್ಲ, ನಮಗೆ ಇದೆ" ಎಂದು ಮರಾಠಿಯಲ್ಲಿ ರೇಗಿದ. ಬಾಯಿ ತಲೆಯಾಡಿಸಿ ಪೊರಕೆ ತೆಗೆದುಕೊಂಡರು.

ಒಮ್ಮೆ ಅವರಿಗೆ ಅಲ್ಲಿಗೆ ಹೋಗುವ ಅವಕಾಶ ಬಂದಿತ್ತು. ಅದು ನಾನು ಸೇರುವ ಮುಂಚಿನ ಮಾತು. ಇಬ್ಬರು ಎಂಜಿನಿಯರುಗಳ ಜೊತೆ ದುಭಾಷಿಯಾಗಿ ಕಳಿಸುವುದೆಂದು ಕಂಪನಿ ನಿರ್ಧರಿಸಿತ್ತು. ಪಾಸ್‌ಪೋರ್ಟ್ ಆಯಿತು. ಥಾಣೆಗೆ ಹೋಗಿ ಉಣ್ಣೆಯ ಕೋಟು ತಂದರು. ಹೊರಡಲು ವಾರವಿರುವಾಗ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಬಾಯಿ ಬೇಕಾದ ಜರ್ಮನ್ ವಾಕ್ಯಗಳನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ಒಬ್ಬ ಎಂಜಿನಿಯರ್ ಕೈಗೆ ಕೊಟ್ಟು ಮನೆಯಲ್ಲಿ ಉಳಿದರು. ಅವನು ಚಾಕೊಲೇಟು ತಂದು ಹಂಚಿ, ಅಲ್ಲಿ ಏನೂ ಇಲ್ಲ, ಸಂಜೆ ಆರಕ್ಕೆ ಎಲ್ಲ ಬಂದ್ ಎಂದನಂತೆ. ಬೀದಿಯ ನಡುವಿನ ಕಾರಂಜಿ ನೋಡಿದಿರಾ ಎಂದು ಬಾಯಿ ಕೇಳಿದರು. ಅವನಿಗೆ ನೆನಪಿರಲಿಲ್ಲ. ಅತ್ತೆ ಹಾಸಿಗೆಯಲ್ಲಿ ಮತ್ತೆ ಹದಿನಾಲ್ಕು ವರ್ಷ ಬದುಕಿದರು. ಆ ಮುದುಕಿಯ ಬಗ್ಗೆ ಬಾಯಿ ಬೇಸರದ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ. ಕಾರಂಜಿ ನೋಡದೆ ಬಂದವನನ್ನು ಮಾತ್ರ ಅವರು ಕ್ಷಮಿಸಿರಲಿಲ್ಲ.

ಆ ಮೇಲೆ ಪತ್ರಗಳ ಕಾಲ ಮುಗಿಯಿತು. ಇ-ಮೇಲ್ ಬಂತು, ಅಲ್ಲಿಯವರೂ ಇಂಗ್ಲಿಷಿನಲ್ಲೇ ಬರೆಯತೊಡಗಿದರು, ಕೊನೆಗೆ ಒಪ್ಪಂದವೇ ನಿಂತಿತು. ಬಾಯಿ ನಿವೃತ್ತರಾದರು. ಫ್ರಾವ್ ಅದಕ್ಕಿಂತ ಮೊದಲೇ ನಿವೃತ್ತಳಾಗಿದ್ದಳು. ಮನೆಯಿಂದ ಮನೆಗೆ ಪತ್ರ ಮಾತ್ರ ನಡೆಯುತ್ತಲೇ ಇತ್ತು. ನಾನು ಭಾನುವಾರ ಸಂಜೆ ಹೋದರೆ ಬಾಯಿ ಚುರುಮುರಿ ಹಚ್ಚಿ ಕೊಟ್ಟು ಹೊಸ ಪತ್ರವನ್ನು ಕನ್ನಡದಲ್ಲಿ ಓದುತ್ತಿದ್ದರು. ಎದುರಿಗೆ ಹಾಳೆ ಜರ್ಮನ್, ಬಾಯಲ್ಲಿ ಧಾರವಾಡ. ನಾನು ಅರ್ಧ ಕೇಳುತ್ತಿದ್ದೆ. ಇನ್ನರ್ಧ ಮನಸ್ಸು ಮಗಳ ಪರೀಕ್ಷೆ, ಮಾರನೆಯ ದಿನದ ಅಡಿಗೆ, ಇಂಥವುಗಳಲ್ಲಿ ಇರುತ್ತಿತ್ತು.

ಆಮೇಲೆ ನಾವು ದೂರದ ಕಾಮೋಠೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡು ಅಲ್ಲಿಗೆ ಹೋದೆವು. ನನಗೆ ಪನವೇಲಿನಲ್ಲಿ ಬೇರೆ ಕೆಲಸ ಸಿಕ್ಕಿತು. ಭಾನುವಾರದ ಭೇಟಿ ತಿಂಗಳಿಗೊಮ್ಮೆಯಾಯಿತು, ಆಮೇಲೆ ಎರಡು ತಿಂಗಳಿಗೊಮ್ಮೆ. ಫ್ರಾವ್‌ನ ಪತ್ರ ನಿಂತದ್ದೂ ಅದೇ ವರ್ಷ. ಬಾಯಿ ಅದನ್ನು ನನಗೆ ಆರು ತಿಂಗಳು ಹೇಳಲಿಲ್ಲ. ಗೊತ್ತಾದ ಮೇಲೆ ಫೋನ್ ಮಾಡಿ ನೋಡಿ ಎಂದೆ.

"ಏನಂತ ಕೇಳ್ಲಿ? ನೀವು ಇದ್ದೀರೇನು ಅಂತನ?"

ಅವರು ಫೋನ್ ಮಾಡಲಿಲ್ಲ. ಉತ್ತರ ಬಾರದಿದ್ದರೂ ಮೂರು ಪತ್ರ ಬರೆದು ಹಾಕಿದರು. ಆಮೇಲೆ ಅದೂ ನಿಂತಿತು.

ಸುಮಾರು ಎರಡು ವರ್ಷದ ನಂತರ ಒಂದು ಭಾನುವಾರ ನಾನು ಹೋದಾಗ ಮೇಜಿನ ಮೇಲೆ ಆ ದೇಶದ ಸ್ಟಾಂಪಿನ ಒಂದು ಲಕೋಟೆ ಇತ್ತು, ಒಡೆದಿರಲಿಲ್ಲ. ಬಂದು ನಾಲ್ಕು ದಿನವಾಗಿತ್ತು. ನಾನು ಹಿಗ್ಗಿ, ಬಂತಲ್ಲ ಎಂದೆ. ಬಾಯಿ ಲಕೋಟೆಯನ್ನು ನನ್ನ ಕಡೆ ತಿರುಗಿಸಿದರು. "ಅಕ್ಷರ ಬ್ಯಾರೆ ಅದ" ಎಂದರು. ನಾನು ಬರಲಿ ಎಂದು ಕಾದಿದ್ದರು. ಒಡೆದು, ನಿಂತುಕೊಂಡೇ ಓದಿ, ಕೂತರು. ಬರೆದವಳು ಫ್ರಾವ್‌ನ ಮಗಳು. ತಾಯಿಗೆ ಪಾರ್ಶ್ವವಾಯು ಬಡಿದು, ಒಂದು ವರ್ಷ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಮನೆ ಖಾಲಿ ಮಾಡುವಾಗ ಈ ವಿಳಾಸದ ಪತ್ರಗಳ ರಾಶಿ ಸಿಕ್ಕಿತು. ಜನವರಿಯಲ್ಲಿ ನಾನು ನಿಮ್ಮನ್ನು ನೋಡಲು ಬರಬಹುದೇ ಎಂದು ಕೇಳಿದ್ದಳು.

ಬಾಯಿ ಎದ್ದು ಚಹಾಕ್ಕಿಟ್ಟರು. ಸಕ್ಕರೆ ಎರಡು ಸಲ ಹಾಕಿದರು. ನಾನು ಅದನ್ನೇ ಕುಡಿದೆ.

ಫ್ರಾವ್‌ನ ಮಗಳು ಬಂದ ದಿನ ನಾನು ರಜೆ ಹಾಕಿ ಬೆಳಿಗ್ಗೆಯೇ ಹೋಗಿದ್ದೆ. ವಾಶಿಯ ಹೋಟೆಲಿನಿಂದ ಟ್ಯಾಕ್ಸಿಯಲ್ಲಿ ಬರುತ್ತಾಳೆಂದುಕೊಂಡಿದ್ದೆವು. ಅವಳು ಥಾಣೆಯಲ್ಲಿ ಗಾಡಿ ಬದಲಿಸಿ ಲೋಕಲ್‌ನಲ್ಲೇ ಬಂದಳು. ಸ್ಟೇಷನ್ನಿನಿಂದ ಯಾರನ್ನೂ ಕೇಳದೆ ನಡೆದುಕೊಂಡು ಬಂದು ಬಾಗಿಲು ತಟ್ಟಿದಳು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ದಾರಿ ಹೇಗೆ ಗೊತ್ತಾಯಿತು ಎಂದರೆ, ನಿಮ್ಮ ಪತ್ರಗಳಲ್ಲಿ ಇತ್ತಲ್ಲ ಎಂದಳು. ಹೂವಿನ ಸಾಲು, ಹಿಟ್ಟಿನ ಗಿರಣಿ, ಆಲದ ಮರ, ಮರದ ಬುಡದಲ್ಲಿ ಚಪ್ಪಲಿ ಹೊಲಿಯುವವನು, ಎಲ್ಲ ಇದ್ದವಂತೆ. ಬಾಯಿ ನಾಚಿಕೊಂಡರು. ತಮ್ಮ ಪತ್ರವನ್ನು ಬೇರೆಯವರು ಓದಿದ್ದಾರೆಂಬುದು ಅವರಿಗೆ ಆಗ ಹೊಳೆದಿರಬೇಕು.

ಇಬ್ಬರೂ ಜರ್ಮನ್‌ನಲ್ಲಿ ಮಾತಾಡಿದರು. ನಡುನಡುವೆ ಬಾಯಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ನೀವು ನಮ್ಮೂರ ಅಜ್ಜಿಯರ ಹಾಗೆ ಮಾತಾಡುತ್ತೀರಿ, ಆ ಪದಗಳನ್ನು ಈಗ ಯಾರೂ ಆಡುವುದಿಲ್ಲ ಎಂದಳಂತೆ ಮಗಳು. ಅವಳು ಹದಿನೆಂಟಕ್ಕೆ ಊರು ಬಿಟ್ಟವಳು. ಬಯಲಿನ ದೊಡ್ಡ ನಗರವೊಂದರಲ್ಲಿ ಕೆಲಸ. ತಾಯಿಯ ಜೊತೆ ಮಾತು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆ ಕತ್ತಲೆ ಊರಿನಲ್ಲಿ ಅಮ್ಮ ಯಾಕೆ ಕೂತಿದ್ದಳು, ನನಗೆ ತಿಳಿಯಲಿಲ್ಲ, ನಿಮಗೆ ಏನು ಬರೆಯುತ್ತಿದ್ದಳು ಎಂದು ಕೇಳಿದಳು.

ಬಾಯಿ ಅಡಿಗೆಮನೆಗೆ ಹೋಗಿ ಲಟ್ಟಣಿಗೆ, ನಾಲ್ಕು ಸ್ಟೀಲಿನ ಡಬ್ಬಿ, ಒಂದು ಚಮಚ, ನೀಲಿ ಟವೆಲ್ ತಂದರು. ಟವೆಲ್ ನದಿಯಾಯಿತು. ಡಬ್ಬಿಗಳು ಬೆಟ್ಟ. ನಡು ದಪ್ಪ, ತುದಿ ಸಣ್ಣ ಇರುವ ಲಟ್ಟಣಿಗೆ ಪೇಟೆಯ ಬೀದಿ. ಮಗಳು ತುಟಿಯ ಮೇಲೆ ಕೈಯಿಟ್ಟು ನಕ್ಕಳು. ಬಾಯಿ ಚಮಚವನ್ನು ಸೇತುವೆಯೆಂದು ಇಟ್ಟಾಗ ಅವಳು ಅದನ್ನೆತ್ತಿ ಕೆಳಗೆ ಸರಿಸಿದಳು. ಬಾಯಿ ಮತ್ತೆ ಮೇಲೆ ಸರಿಸಿ, ಈಗ ನೀನು ಹೇಳಿದಲ್ಲಿ ಇದೆ, ದೊಡ್ಡ ನೆರೆ ಬರುವ ಮೊದಲು ಇಲ್ಲಿತ್ತು, ನಿನ್ನ ಮುತ್ತಜ್ಜನ ಸುತ್ತಿಗೆಮನೆಗೆ ಹತ್ತಿರವಾಗಿ ಎಂದರು. ಅವಳಿಗೆ ಅದು ಗೊತ್ತಿರಲಿಲ್ಲ. ಅಲ್ಲಿಂದ ಎರಡು ತಾಸು ಬಾಯಿ ಅವಳಿಗೆ ಅವಳ ಊರನ್ನು ಹೇಳಿದರು. ರೈಲು ಬಂದು ಉಪ್ಪಿನ ಗಾಡಿ ನಿಂತದ್ದು, ಟ್ರ್ಯಾಕ್ಟರ್ ಬಂದು ಕುಡುಗೋಲು ನಿಂತದ್ದು, ಉಳಿದ ಒಂದೇ ಕಾರ್ಖಾನೆ ಬ್ಲೇಡಿಗೆ ತಿರುಗಿದ್ದು. ಅವಳು ಗಲ್ಲಕ್ಕೆ ಕೈಕೊಟ್ಟು ಶಾಲೆಯ ಹುಡುಗಿಯಂತೆ ಕೇಳಿದಳು. ನಾನು ಮಾಡಿದ ಉಪ್ಪಿಟ್ಟು ತಟ್ಟೆಯಲ್ಲೇ ಆರಿತು.

ಆಮೇಲೆ ಅವಳು ಮತ್ತೆ ಅದೇ ಕೇಳಿದಳು. ಎಲ್ಲ ಸರಿ, ತಾಯಿ ಯಾಕೆ ಅಲ್ಲಿಂದ ಹೊರಡಲಿಲ್ಲ. ಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದು ಸಂಗತಿ ಹೇಳಿದರು. ಇಷ್ಟು ವರ್ಷ ನನಗೂ ಹೇಳದೆ ಇಟ್ಟುಕೊಂಡದ್ದು.

ಆ ಕಣಿವೆಯಲ್ಲಿ ಚಳಿಗಾಲದ ಎಂಟು ವಾರ ಸೂರ್ಯ ಪೇಟೆಗೆ ಬೀಳುವುದಿಲ್ಲ, ದಕ್ಷಿಣದ ಬೆಟ್ಟ ಅಡ್ಡ ನಿಲ್ಲುತ್ತದೆ. ಜನವರಿಯ ಒಂದು ಮಧ್ಯಾಹ್ನ ಮೊದಲ ಬಿಸಿಲು ಬೀದಿಯ ಮೇಲಿನ ತುದಿಗೆ ಬೀಳುತ್ತದೆ, ಕೆಲವೇ ನಿಮಿಷ. ಊರಿನವರೆಲ್ಲ ಹೋಗಿ ಅದರಲ್ಲಿ ನಿಲ್ಲುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಪ್ರತಿ ವರ್ಷ ಆ ದಿನ ಫ್ರಾವ್ ಒಂದು ಪತ್ರ ಬರೆಯುತ್ತಿದ್ದಳು. ಬಿಸಿಲು ಎಷ್ಟು ಗಂಟೆಗೆ ಬಂತು, ಯಾರು ಯಾರು ಬಂದಿದ್ದರು, ಯಾರು ಬರಲಿಲ್ಲ. ಬಾರದವರಲ್ಲಿ ಮೊದಲ ಹೆಸರು ಯಾವಾಗಲೂ ಮಗಳದು. ಊರು ಬಿಟ್ಟ ಮಕ್ಕಳು ಬರುವುದಿದ್ದರೆ ಆ ದಿನವೇ ಬರುತ್ತಾರಂತೆ. ಅಂಥ ಹತ್ತೊಂಬತ್ತು ಪತ್ರ ಬಾಯಿಯ ಹತ್ತಿರ ಇದ್ದವು.

"ಹೇಳ್ಲೇನವಾ ಇಕಿಗೆ?" ಎಂದು ಬಾಯಿ ಕೇಳಿದರು.

ಎದುರಿಗೆ ಕೂತವಳು ನಮ್ಮಿಬ್ಬರ ಮುಖವನ್ನು ನೋಡುತ್ತಿದ್ದಳು. "ಬೇಡ ಬಾಯಿ" ಎಂದೆ. "ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ತಾಯಿ ಇಲ್ಲ ಈಗ. ಹೇಳಿ ಎಂತ ಮಾಡುದು?"

ಬಾಯಿ ಲಟ್ಟಣಿಗೆಯನ್ನು ಅಂಗೈಯಿಂದ ಸ್ವಲ್ಪ ಹೊತ್ತು ಹಿಂದೆಮುಂದೆ ಉರುಳಿಸಿದರು. ಆಮೇಲೆ ಎದ್ದು ಕಪಾಟು ತೆಗೆದರು. "ಈ ಪತ್ರ ನನಗ ಬರದದ್ದಲ್ಲ ತಂಗಿ. ನನ್ನ ವಿಳಾಸಕ್ಕ ಬಂದದ್ದಷ್ಟ."

ಹತ್ತೊಂಬತ್ತನ್ನೂ ವರ್ಷದ ಕ್ರಮದಲ್ಲಿ ಅವಳ ಮುಂದಿಟ್ಟರು. ಅವಳು ಮೊದಲನೆಯದನ್ನು ಓದಿದಳು, ಎರಡನೆಯದನ್ನು ಓದಿದಳು. ಮೂರನೆಯದಕ್ಕೆ ಕೈ ಹಾಕುವ ಮೊದಲು ಎದ್ದು ಬಾಲ್ಕನಿಗೆ ಹೋದಳು. ಹೊರಗೆ ಜನವರಿಯ ಮಧ್ಯಾಹ್ನದ ಬಿಸಿಲು, ಒಣಹಾಕಿದ ಬಟ್ಟೆ, ಎಂಐಡಿಸಿಯ ಕಡೆಯಿಂದ ಬರುವ ಆ ಹುಳಿ ವಾಸನೆ. ಅವಳು ಕಂಬಿ ಹಿಡಿದು ನಿಂತಿದ್ದಳು. ನಾನು ಹೇಳಿದ್ದೇ ಸರಿಯಿತ್ತು ಎಂದು ನನಗೆ ಆಗ ಅನ್ನಿಸಿತು. ಬಾಯಿ ಹಿಂದೆ ಹೋಗಲಿಲ್ಲ, ಕರೆಯಲೂ ಇಲ್ಲ. ಬಹಳ ಹೊತ್ತಿನ ಮೇಲೆ ಅವಳು ಒಳಗೆ ಬಂದು ಉಳಿದ ಹದಿನೇಳನ್ನೂ ಅಲ್ಲೇ ಕೂತು ಓದಿ ಮುಗಿಸಿದಳು. ಆಮೇಲೆ ಬಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದೇ ಮಾತು ಹೇಳಿದಳು. ಬಾಯಿ ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವಾಗ ಬಾಯಿ ಅವಳಿಗೆ ಎಲ್ಲ ಪತ್ರಗಳನ್ನೂ ಕೊಟ್ಟರು. ಹತ್ತೊಂಬತ್ತಲ್ಲ, ಎಲ್ಲವನ್ನೂ. ಅವಳು ತನ್ನ ಚೀಲದಿಂದ ಬಾಯಿ ಬರೆದ ಪತ್ರಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಕಟ್ಟಿನ ಮೇಲೆ ಒಡೆಯದ ಮೂರು ಲಕೋಟೆಗಳಿದ್ದವು. ತಾಯಿ ಆಸ್ಪತ್ರೆ ಸೇರಿದ ಮೇಲೆ ಬಂದವು, ತಾನು ಒಡೆಯಲಿಲ್ಲ ಎಂದಳು. ಒಮ್ಮೆ ಬನ್ನಿ, ನನ್ನ ಜೊತೆ ಇರಿ ಎಂದು ಕರೆದಳು. ಬರುತ್ತೇನೆ ಎಂದರು ಬಾಯಿ. ಆ ಹೊತ್ತಿಗೆ ಅವರು ತಮ್ಮ ಮನೆಯ ಎರಡು ಮಹಡಿ ಹತ್ತಲು ನಡುವೆ ಮೂರು ಸಲ ನಿಲ್ಲುತ್ತಿದ್ದರು.

ಪತ್ರಗಳು ಹೋದ ಮೇಲೆ ಬಾಯಿ ಬದಲಾದರು. ಯಾಕೆ ಅಷ್ಟನ್ನೂ ಕೊಟ್ಟಿರಿ ಎಂದು ನಾನು ಕೇಳಿದೆ. ಕೊಡುವಾಗ ಸುಖವಾಗಿತ್ತು ಎಂದರು. ಮೊದಲು ಏನಾದರೂ ಮರೆತರೆ ತೆಗೆದು ನೋಡುತ್ತಿದ್ದರು. "ಈಗ ಮರೆತದ್ದು ಮರೆತಂಗ" ಎಂದರು. ತಮ್ಮ ಪತ್ರಗಳ ಕಟ್ಟನ್ನು ಅವರು ಬಿಚ್ಚಲೇ ಇಲ್ಲ. ನನ್ನ ಮಾತೇ ನನಗೆ ವಾಪಸ್ ಬಂದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ ಎನ್ನುತ್ತಿದ್ದರು. ಕೆಲವೊಮ್ಮೆ ನನಗೇ ಫೋನ್ ಮಾಡಿ ಕೇಳುತ್ತಿದ್ದರು. ಬೆಂಕಿಯಿಂದ ಉಳಿದ ಮೂರು ಮನೆಗಳಲ್ಲಿ ಒಂದು ರೊಟ್ಟಿ ಸುಡುವವನದು, ಒಂದು ಉಪ್ಪಿನ ಸುಂಕದ ಕಟ್ಟೆಯವನದು, ಮೂರನೆಯದು ಯಾರದು ತಂಗಿ? ನನಗೆ ನೆನಪಿರುತ್ತಿರಲಿಲ್ಲ. ಏಳು ವರ್ಷ, ಅಷ್ಟು ಭಾನುವಾರ, ಎದುರಿಗೆ ಕೂತು ಕೇಳಿದವಳು ನಾನೊಬ್ಬಳೇ. ನೋಡಿ ಹೇಳುತ್ತೇನೆ ಬಾಯಿ ಎಂದು ಏನೋ ಹೇಳಿ ಫೋನ್ ಇಡುತ್ತಿದ್ದೆ. ಎಲ್ಲಿ ನೋಡುವುದು?

ಅವರು ಒಂದು ಮಳೆಗಾಲದ ಬೆಳಿಗ್ಗೆ, ಹಾಲಿನವನು ಬೆಲ್ ಮಾಡಿದಾಗ ಬಾಗಿಲು ತೆಗೆಯಲಿಲ್ಲ. ಹುಬ್ಬಳ್ಳಿಯಿಂದ ತಮ್ಮನ ಮಗ ಬಂದು ಎಲ್ಲ ಮಾಡಿದ. ಮನೆ ತೆರವು ಮಾಡುವಾಗ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ನನ್ನನ್ನು ಕೇಳಿದ, ಅದು ಅವನ ದೊಡ್ಡತನ. ನಾನು ಆ ಕಟ್ಟನ್ನು ಕಾಮೋಠೆಗೆ ತಂದೆ. ಜರ್ಮನ್ ನನಗೆ ಒಂದಕ್ಷರ ಬಾರದು. ಬಿಚ್ಚಿ ನೋಡಿದರೆ ನೀರಿನಲ್ಲಿ ನಿಂತ ಆ ಲೋಕಲ್ ರೈಲು ಸಿಕ್ಕಿತು. ಒಡೆಯದ ಮೂರು ಲಕೋಟೆಗಳನ್ನು ಬಹಳ ದಿನ ಹಾಗೇ ಇಟ್ಟಿದ್ದೆ. ಒಡೆಯುವ ಹಕ್ಕು ನನಗಿಲ್ಲ ಅನ್ನಿಸಿತು, ಒಡೆಯದೆ ಇಡುವುದು ಅದಕ್ಕಿಂತ ಕೆಟ್ಟದ್ದೆಂದೂ ಅನ್ನಿಸಿತು. ಕೊನೆಗೆ ಮೂರನ್ನೂ ಒಂದು ದೊಡ್ಡ ಲಕೋಟೆಯಲ್ಲಿ ಹಾಕಿ, ಬಾಯಿ ತೀರಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆದು ಫ್ರಾವ್‌ನ ಮಗಳಿಗೆ ಕಳಿಸಿದೆ.

ಉತ್ತರ ಬರಲು ಆರು ವಾರ ಹಿಡಿಯಿತು. ಅವಳು ಈಗ ತಾಯಿಯ ಮನೆಯಲ್ಲೇ ಇದ್ದಾಳಂತೆ, ಹಿಂದಿನ ವರ್ಷ ನಗರ ಬಿಟ್ಟು ಬಂದು. ಮೂರು ಪತ್ರಗಳನ್ನೂ ಒಡೆದಳು. ಮೊದಲಿನ ಎರಡರಲ್ಲಿ ಬಾಯಿ ಆರೋಗ್ಯ ವಿಚಾರಿಸಿದ್ದರು, ಡೊಂಬಿವಲಿಯ ಸುದ್ದಿ ಬರೆದಿದ್ದರು. ಮೂರನೆಯದರ ಒಂದು ಭಾಗ ನಿಮಗೆ ಸೇರಬೇಕಾದದ್ದು ಎನ್ನಿಸಿತು ಎಂದು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದ್ದಳು. ಬಾಯಿ ಅದರಲ್ಲಿ ಹೇಳಿದ ಮನೆ ನಿಜವಾಗಿ ಇದೆ, ಹಸಿರು ಕಿಟಕಿಬಾಗಿಲಿನದು, ನಾನು ದಿನವೂ ಅದರ ಮುಂದೆ ಹಾದುಹೋಗುತ್ತೇನೆ ಎಂದೂ ಬರೆದಿದ್ದಳು. ಕಚೇರಿಯಿಂದ ಬಂದವಳು ಮೆಟ್ಟಿಲ ಬುಡದಲ್ಲಿ, ಟಪಾಲು ಪೆಟ್ಟಿಗೆಯ ಪಕ್ಕ ನಿಂತು ಓದಿದೆ. ಬಾಯಿ ಅದನ್ನು ಬರೆದದ್ದು ನಾನು ಕಾಮೋಠೆಗೆ ಹೋಗಿ, ಭಾನುವಾರಗಳು ತಪ್ಪತೊಡಗಿದ ದಿನಗಳಲ್ಲಿ.

"ನಿಮ್ಮ ಪತ್ರ ನಿಂತು ವರ್ಷವಾಯಿತು. ಏನಾಯಿತೆಂದು ನಾನು ಕೇಳುವುದಿಲ್ಲ. ಆದರೆ ನನ್ನ ತಲೆಯೊಳಗೆ ಪೇಟೆ ನಿಂತಿಲ್ಲ, ನಡೆಯುತ್ತಲೇ ಇದೆ. ಹಾಗಾಗಿ ಕೆಲವು ವಿಷಯಗಳನ್ನು ನಾನೇ ನಡೆಸಿಕೊಳ್ಳುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಹಳೆಯ ಸೇತುವೆಯ ಹತ್ತಿರದ ಖಾಲಿ ಮನೆಗೆ ನನ್ನ ಗೆಳತಿಯೊಬ್ಬಳನ್ನು ತಂದು ಇರಿಸಿದ್ದೇನೆ. ಅವಳು ಸಮುದ್ರದ ಕಡೆಯವಳು, ಬೆಟ್ಟ ಅವಳಿಗೆ ಹೊಸದು. ಮೊದಲ ಚಳಿಗಾಲ ಕಷ್ಟವಾಗಬಹುದು. ನೀವು ಆಗಾಗ ಹೋಗಿ ಅವಳನ್ನು ಮಾತಾಡಿಸಿ ಬನ್ನಿ."